ಬೀಗರು ಕಳಿಸಿದ ಎರಡು ಬಾಲದ ಯಂತ್ರ

ನರಗುಂದ
೬ ಜೂನ್ ೨೦೨೪

ಗಜೇಂದ್ರಗಡದ ಬೀಗರಾದ ಶ್ರೀ ಕಳಕಪ್ಪನವರಿಗೆ ಮಹಾಲಿಂಗಪ್ಪನ ಶರಣು.

ನಾವೆಲ್ಲ ಕ್ಷೇಮ. ನಿಮ್ಮ ಮಗಳು, ಫೆಬ್ರವರಿಯಿಂದ ನಮ್ಮ ಸೊಸೆಯಾದ ದುರ್ಗಾ, ನಮಗಿಂತ ಹೆಚ್ಚು ಕ್ಷೇಮ. ನಾವಿಬ್ಬರೂ ಫೋನಿನಲ್ಲಿ ಮಾತಾಡಕೂಡದೆಂದು ಆಕೆ ಹಾಕಿದ ಕಟ್ಟಳೆಯನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ಯುಗಾದಿಯ ದಿನ ಶುಭಾಶಯ ಹೇಳಲು ಮಾಡಿದ ಫೋನು, ಮದುವೆಯ ಪಂಕ್ತಿಯಲ್ಲಿ ನಮ್ಮ ಕಡೆಯವರಿಗೆ ಎರಡನೆಯ ಸಲ ತುಪ್ಪ ಬಂತೋ ಇಲ್ಲವೋ ಎಂಬಲ್ಲಿಗೆ ಹೋಗಿ ಮುಟ್ಟಿದ್ದು, ಇಬ್ಬರಿಗೂ ಬಿಪಿ ಏರಿದ್ದು ನಿಮಗೆ ನೆನಪಿರಬೇಕು. "ಇನ್ನ ಮ್ಯಾಲೆ ಏನಿದ್ರೂ ಕಾಗದದಾಗ ಬರೀರಿ. ಅಂಚಿ ಮುಟ್ಟೂದ್ರಾಗ ಸಿಟ್ಟು ಆರಿರ್ತೈತಿ" ಅಂದಳು ಹುಡುಗಿ. ಆದ್ದರಿಂದ ಈ ಕಾಗದ.

ವಿಷಯ ಇಷ್ಟು. ನಮ್ಮ ಅವ್ವ ಸಣ್ಣವ್ವ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರಿಂದ ಮೊಮ್ಮಗ ಮಂಜುವಿನ ಮದುವೆಗೆ ಬರಲಾಗಲಿಲ್ಲ. ಈಗ ಕೋಲು ಹಿಡಿದು ನಡೆಯುತ್ತಾಳೆ, ಮದುವೆ ನೋಡಬೇಕು ಅನ್ನುತ್ತಾಳೆ. ಮೊಬೈಲಿನಲ್ಲಿ ತೋರಿಸಹೋದರೆ, "ಅಂಗೈಯಾಗ ಯಾರರ ಮದುವಿ ಮಾಡ್ತಾರೇನು?" ಎಂದು ಮುಖ ತಿರುಗಿಸಿದಳು. ಆಕೆಗೆ ತನ್ನ ಹಳೆಯ ಡಬ್ಬಿ ಟಿವಿಯೇ ಆಗಬೇಕು. ಅದಕ್ಕೆ ಡಿಸ್ಕಿನ ಪ್ಲೇಯರ್ ಒಂದೇ ಗತಿ. ವಿಡಿಯೋದವನನ್ನು ಗೊತ್ತು ಮಾಡಿದವರು ನೀವು, ಶೂಟಿಂಗ್ ತುಂಬಿದ ಪೆನ್‌ಡ್ರೈವ್ ಇರುವುದು ನಿಮ್ಮಲ್ಲಿ, ಕಂಪ್ಯೂಟರ್ ಇರುವುದೂ ನಿಮ್ಮಲ್ಲಿ. ಡಿಸ್ಕ್ ಬರೆಯುವ ಸೌಕರ್ಯ ಮಾತ್ರ ನಿಮ್ಮ ಕಂಪ್ಯೂಟರಿಗಿಲ್ಲ ಎಂದು ದುರ್ಗಾ ಹೇಳಿದಳು. ನನ್ನ ಡಿವಿಡಿ ರೈಟರನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಹೊರಗಿನಿಂದ ಜೋಡಿಸುವ ಯಂತ್ರ. ಚುಚ್ಚಿ, ಬರೆದು, ಕಳಿಸಿಕೊಡಿರಿ.

ಇನ್ನೊಂದು. ಆಗಸ್ಟ್ ಒಂಬತ್ತಕ್ಕೆ ದುರ್ಗಾಳ ಮೊದಲ ಪಂಚಮಿ. ತವರಿಗೆ ಕರೆದೊಯ್ಯಲು ನೀವು ಬರುವವರೇ. ಆದರೆ ಹೆಣ್ಣುಮಕ್ಕಳನ್ನು ಕಳಿಸುವ ಅಪ್ಪಣೆ ನಮ್ಮ ಮನೆಯಲ್ಲಿ ಅವ್ವನದು. "ಮೊದಲ ಮದುವಿ ನೋಡ್ತೀನಿ, ಆಮ್ಯಾಲೆ ಪಂಚಮಿ ಮಾತು" ಎಂದಿದ್ದಾಳೆ. ಎರಡಕ್ಕೂ ಏನು ಸಂಬಂಧವೋ ನಾನರಿಯೆ. ಬರೀ ತಿಳಿಸಿದ್ದೇನೆ.

ನಿಮ್ಮ ವಿಧೇಯ ಬೀಗ,
ಮಹಾಲಿಂಗಪ್ಪ


ಗಜೇಂದ್ರಗಡ
೧೪ ಜೂನ್ ೨೦೨೪

ಬೀಗರಾದ ಶ್ರೀ ಮಹಾಲಿಂಗಪ್ಪನವರಿಗೆ ಕಳಕಪ್ಪನ ಶರಣು ಶರಣಾರ್ಥಿ.

ಯಂತ್ರ ಮುಟ್ಟಿತು. ಮನೆಗೆ ಬಂದ ಹೊಸ ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿ, ಸೋಮವಾರ ಒಳ್ಳೆಯ ವೇಳೆ ನೋಡಿ ಕಂಪ್ಯೂಟರಿನ ಮುಂದೆ ಇಟ್ಟೆ. ತೀರಾ ಹಗುರಾಗಿದೆ. ಬೀಗರು ಕಳಿಸಿದ ವಸ್ತು ಇಷ್ಟು ಹಗುರ ಇರಲಿಕ್ಕಿಲ್ಲವೆಂದು ಅಲ್ಲಾಡಿಸಿ ನೋಡಿದೆ. ಒಳಗೆ ಏನೂ ಸಪ್ಪಳ ಬರಲಿಲ್ಲ. ಏನೂ ಇಲ್ಲವೋ, ಇದ್ದದ್ದು ಗಟ್ಟಿಯಾಗಿ ಕೂತಿದೆಯೋ, ನಿಮಗೇ ಗೊತ್ತು.

ಕೇಳಬೇಕಾದ್ದು ಬೇರೆ. ಈ ಯಂತ್ರದ ವಾಯರ್ ಒಂದು ತುದಿಯಲ್ಲಿ ಒಂದೇ ಇದ್ದು, ಇನ್ನೊಂದು ತುದಿಗೆ ಬರುವಾಗ ಎರಡಾಗಿ ಒಡೆದಿದೆ. ಒಂದು ಯಂತ್ರಕ್ಕೆ ಎರಡು ಬಾಲ ಏಕೆ? ನಾನು ಒಂದನ್ನು ಚುಚ್ಚಿದೆ. ಹಸಿರು ದೀಪ ಹತ್ತಿತು. ಆದರೆ ಕಂಪ್ಯೂಟರ್ ಅದನ್ನು ಕಂಡೂ ಕಾಣದ ಹಾಗೆ ಕೂತಿದೆ. ಅಂಗಳದಲ್ಲಿ ದೀಪ ಉರಿಯುತ್ತಿದೆ, ಕದ ಬಡಿದರೆ ಒಳಗಿನಿಂದ 'ಓ' ಅನ್ನುವವರಿಲ್ಲ.

ಎರಡನೆಯ ಬಾಲ ಚುಚ್ಚಹೋದರೆ ನಮ್ಮ ಮನೆಯಾಕೆ ಸಿದ್ದವ್ವ ಕೈ ಹಿಡಿದಳು. "ಬ್ಯಾಡ್ರಿ. ಬೀಗರ ಸಾಮಾನು. ಒಂದರಾಗಿಂದ ಒಳಗ ಬರ್ತೈತಿ, ಇನ್ನೊಂದರಾಗಿಂದ ನಮ್ಮನಿ ವಿಷಯ ಎಲ್ಲಾ ನರಗುಂದಕ್ಕ ಹೋಗ್ತೈತಿ" ಅಂದಳು. ನಾನು ಇಂಥದನ್ನೆಲ್ಲ ನಂಬುವವನಲ್ಲ. ಆದರೆ ಚುಚ್ಚಲೂ ಇಲ್ಲ.

ಸಣ್ಣವ್ವನವರ ಪಾದಗಳಿಗೆ ನನ್ನ ನಮಸ್ಕಾರ ಹೇಳಿರಿ. ಅಂಥ ಹಿರಿಯ ಜೀವ ಮದುವೆಗೆ ಬರಲಿಲ್ಲ ಎಂಬುದು ನನಗೆ ಇಂದಿಗೂ ತೀರದ ಕೊರಗು.

ತಮ್ಮ ನಮ್ರ,
ಕಳಕಪ್ಪ


ನರಗುಂದ
೨೦ ಜೂನ್ ೨೦೨೪

ಬೀಗರೆ, ಶರಣು.

ಪೇಟೆಯಲ್ಲಿ ಕಾಳಿನ ದಲಾಲಿ ಮಾಡುತ್ತಿದ್ದಾಗ, ಕಂಪ್ಯೂಟರ್ ಬಂದ ದಿನ ಎಲ್ಲರಿಗಿಂತ ಮೊದಲು ಮೌಸ್ ಹಿಡಿದವನು ನಾನು. ಆ ಅಧಿಕಾರದಿಂದ ಹೇಳುತ್ತಿದ್ದೇನೆ. ಎರಡು ಬಾಲಗಳಲ್ಲಿ ಒಂದು ಉಣ್ಣುತ್ತದೆ, ಇನ್ನೊಂದು ಉಣ್ಣುವುದರ ಜೊತೆಗೆ ಮಾತೂ ಆಡುತ್ತದೆ. ಈ ಯಂತ್ರಕ್ಕೆ ಬೇರೆ ಕರೆಂಟಿನ ಪ್ಲಗ್ಗಿಲ್ಲ, ಕಂಪ್ಯೂಟರೇ ಉಣಿಸಬೇಕು. ಒಂದು ಬಾಯಿಯಿಂದ ಹೊಟ್ಟೆ ತುಂಬುವುದಿಲ್ಲವೆಂದು ಎರಡು ಕೊಟ್ಟಿದ್ದಾರೆ. ನೀವು ಚುಚ್ಚಿದ್ದು ಬರೀ ಉಣ್ಣುವ ಬಾಲ. ಮಾತಾಡುವುದನ್ನು ಕೈಯಲ್ಲಿ ಹಿಡಿದುಕೊಂಡು "ಇದು ಮಾತಾಡುವುದಿಲ್ಲ" ಎಂದರೆ ಯಂತ್ರ ಏನು ಮಾಡಬೇಕು?

ಸಿದ್ದವ್ವನವರಿಗೆ ತಿಳಿಸಿರಿ: ನಿಮ್ಮ ಮನೆಯ ವಿಷಯ ನರಗುಂದಕ್ಕೆ ಬರಲು ವಾಯರ್ ಬೇಕಿಲ್ಲ. ಗಜೇಂದ್ರಗಡದ ಬಸ್ಸಿಗೆ ದಿನಾ ಬರುತ್ತದೆ.

ಇಷ್ಟೆಲ್ಲ ಕಷ್ಟವಾದರೆ ಇನ್ನೊಂದು ದಾರಿ ಇದೆ. ಯಂತ್ರವನ್ನೂ ಪೆನ್‌ಡ್ರೈವನ್ನೂ ಇಲ್ಲಿಗೆ ಕಳಿಸಿರಿ. ಮಂಜುವಿನ ಲ್ಯಾಪ್‌ಟಾಪಿಗೆ ಜೋಡಿಸಿ ಒಂದು ತಾಸಿನಲ್ಲಿ ಮುಗಿಸುತ್ತೇವೆ. ಅವ್ವ ದಿನಕ್ಕೆ ಎರಡು ಸಲ, ಚಹಾದ ಹೊತ್ತಿಗೊಮ್ಮೆ, "ಮದುವಿ ಬಂತೇನೋ?" ಎಂದು ಕೇಳುತ್ತಾಳೆ.

ಮಹಾಲಿಂಗಪ್ಪ


ಗಜೇಂದ್ರಗಡ
೨೯ ಜೂನ್ ೨೦೨೪

ಬೀಗರೆ, ಶರಣು.

ಪೆನ್‌ಡ್ರೈವ್ ಕಳಿಸುವ ಮಾತು ದಯವಿಟ್ಟು ಎತ್ತಬೇಡಿರಿ. ನನ್ನ ಒಬ್ಬಳೇ ಮಗಳ ಮದುವೆಯನ್ನು ಅಡಿಕೆ ಹೋಳಿನಷ್ಟು ವಸ್ತುವಿನಲ್ಲಿ ಹಾಕಿ ಬಸ್ಸಿನಲ್ಲಿ ಬಿಟ್ಟರೆ, ಅದು ಯಾರ ಎಲೆಯ ಸಂಚಿಯಲ್ಲಿ ಹೋಗಿ ಕೂರುತ್ತದೋ ಬಲ್ಲವರಾರು?

ನೀವು ಹೇಳಿದ ಪ್ರಕಾರ ಎರಡೂ ಬಾಲಗಳನ್ನು ಕಂಪ್ಯೂಟರಿನ ಮುಂಭಾಗದ ಎರಡು ತೂತಿಗೆ ಚುಚ್ಚಿದೆ. ಈ ಸಲ ಕಂಪ್ಯೂಟರ್ 'ಟಿಣ್' ಎಂದಿತು. ಪರದೆಯ ಮೇಲೆ ಯಂತ್ರದ ಹೆಸರು ಬಂತು. ಸಿದ್ದವ್ವ ಕೈ ಮುಗಿದಳು. ಖಾಲಿ ಡಿಸ್ಕ್ ಹಾಕಿ ಬಾಗಿಲು ಮುಚ್ಚಿದೆ. ಒಳಗೆ 'ಗುಂಯ್' ಎಂದು ತಿರುಗಿತು. ಇನ್ನೇನು ಬರೆಯಿತು ಅನ್ನುವಷ್ಟರಲ್ಲಿ 'ಟುಣ್' ಎಂದು ಹೆಸರೇ ಮಾಯ. ಮತ್ತೆ ಟಿಣ್, ಮತ್ತೆ ಗುಂಯ್, ಮತ್ತೆ ಟುಣ್. ಏಳು ಸಲ ಆಯಿತು. ಎಂಟನೆಯ ಸಲಕ್ಕೆ ಸಿದ್ದವ್ವ ಎದ್ದು ಹೋದಳು.

ನನ್ನ ಕಂಪ್ಯೂಟರ್ ಹಳೆಯದು, ಆದರೆ ಸ್ವಭಾವ ಒಳ್ಳೆಯದು. ಹನ್ನೆರಡು ವರ್ಷದಿಂದ ನಮ್ಮ ಸೀರೆ ಅಂಗಡಿಯ ಎಲ್ಲ ಬರವಣಿಗೆ ಅದರದೇ. ಯಾರೊಂದಿಗೂ ಜಗಳವಾಡಿದ್ದಿಲ್ಲ. ನಿಮ್ಮ ಯಂತ್ರದೊಂದಿಗೆ ಮಾತ್ರ ಅದರ ಕೂಡಾವಳಿ ಬರುತ್ತಿಲ್ಲ. ಕಳಿಸುವ ಮುಂಚೆ ನೀವು ಇದನ್ನು ನಡೆಸಿ ನೋಡಿದ್ದಿರೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಬೀಗರನ್ನು ಹಾಗೆ ಕೇಳಬಾರದು.

ಸಣ್ಣವ್ವನವರು ಇನ್ನಷ್ಟು ತಾಳ್ಮೆ ತಂದುಕೊಳ್ಳಲಿ.

ಕಳಕಪ್ಪ


ನರಗುಂದ
೫ ಜುಲೈ ೨೦೨೪

ಬೀಗರೆ,

ಕೇಳುವುದಿಲ್ಲ ಎಂದು ಬರೆದು ಕೇಳಿದ್ದೀರಿ. ಉತ್ತರಿಸುವುದಿಲ್ಲ ಎಂದು ಬರೆದು ಉತ್ತರಿಸುತ್ತೇನೆ. ನಡೆಸಿ ನೋಡಿದ್ದೆ.

ನಿಮ್ಮ ಕಂಪ್ಯೂಟರಿನ ಮುಂಭಾಗದ ತೂತುಗಳಲ್ಲಿ ಕಸುವು ಕಡಿಮೆ ಇರುತ್ತದೆ. ಯಂತ್ರ ತಿರುಗಲು ಶುರುವಾದ ಕೂಡಲೇ ದಮ್ಮು ಹತ್ತಿ ಬೀಳುತ್ತದೆ. ಡಬ್ಬಿಯ ಬೆನ್ನಿನ ಕಡೆ ಇರುವ ತೂತಿಗೆ ಎರಡನ್ನೂ ಚುಚ್ಚಿರಿ. ಅಲ್ಲಿ ಜೇಡರ ಬಲೆ ಇದ್ದರೆ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ, ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಇಲಿಯಾಸನಿದ್ದಾನೆ. ನಿಮಗೂ ನಮಗೂ ನಡುವಿನ ಊರು, ಎರಡೂ ಕಡೆಗೆ ಬೇಕಾದವ. ಯಂತ್ರ ಮತ್ತು ಪೆನ್‌ಡ್ರೈವ್ ಅವನಿಗೆ ಮುಟ್ಟಿಸಿರಿ. ಮನೆಯ ಹೆಣ್ಣುಮಕ್ಕಳಿರುವ ವಿಡಿಯೋ ಪರರ ಅಂಗಡಿಯಲ್ಲಿ ಹೇಗೆ ಬಿಡುವುದು ಎಂದು ನೀವು ಬರೆಯುವ ಮುಂಚೆಯೇ ಹೇಳುತ್ತೇನೆ: ಇಲಿಯಾಸ ಆ ಮದುವೆಗೆ ಬಂದಿದ್ದ, ಎಲ್ಲರನ್ನೂ ಖುದ್ದು ನೋಡಿದ್ದಾನೆ, ಎರಡು ಪಂಕ್ತಿ ಉಂಡಿದ್ದಾನೆ.

ಬಾಲ ಎರಡೆಂದಿರಿ. ಪೆನ್‌ಡ್ರೈವ್ ಸಣ್ಣದೆಂದಿರಿ. ಕೂಡಾವಳಿ ಬರಲಿಲ್ಲವೆಂದಿರಿ. ಬೆಳವಣಕಿಯ ನಮ್ಮ ಇನ್ನೊಬ್ಬ ಬೀಗರು ಮದುವೆಯಾದ ಎಂಟನೆಯ ದಿನಕ್ಕೆ ಡಿಸ್ಕ್ ಕಳಿಸಿದ್ದರು. ಅವರ ಮನೆಯಲ್ಲಿ ಕಂಪ್ಯೂಟರೂ ಇಲ್ಲ. ನನಗೆ ಈಗ ಯಂತ್ರದ ಮೇಲೆ ಸಂಶಯ ಉಳಿದಿಲ್ಲ. ಯಾರ ಮೇಲೆ ಎಂದು ನಾನು ಬರೆಯುವುದಿಲ್ಲ.

ಪಂಚಮಿಗೆ ಐದು ವಾರ ಇದೆ. ದುರ್ಗಾ ಕ್ಯಾಲೆಂಡರಿನ ಎದುರು ನಿಲ್ಲುವುದನ್ನು ನಿನ್ನೆ ಎರಡು ಸಲ ಕಂಡೆ.

ಮಹಾಲಿಂಗಪ್ಪ


ಗಜೇಂದ್ರಗಡ
೯ ಜುಲೈ ೨೦೨೪

ಚಿ. ಸೌ. ದುರ್ಗಾಳಿಗೆ ಅಪ್ಪನ ಆಶೀರ್ವಾದಗಳು.

ಮಗಳೇ, ಈ ಕಾಗದವನ್ನು ನೀನೊಬ್ಬಳೇ ಓದಿ ಒಲೆಗೆ ಹಾಕು. ನಿನ್ನ ಮಾವನ ಕೈಗೆ ಸಿಕ್ಕರೆ ನನಗೆ ನರಗುಂದದ ದಾರಿ ಮುಚ್ಚಿತು.

ಯಂತ್ರ ಹಟ ಮಾಡುತ್ತಿರುವುದು ಸುಳ್ಳಲ್ಲ. ಆದರೆ ಅದರ ಹಟಕ್ಕೆ ನಾನು ಒಳಗೊಳಗೇ ಕೈ ಮುಗಿಯುತ್ತಿದ್ದೇನೆ. ಕಾರಣ ಕೇಳು. ಮೊದಲ ದಿನವೇ ವಿಡಿಯೋವನ್ನು ಶುರುವಿನಿಂದ ನೋಡಿದೆ. ಅಕ್ಷತೆ ಆಯಿತು, ಊಟದ ಪಂಕ್ತಿ ಬಂತು. ಅಲ್ಲಿ ನಾನು ಅಡುಗೆಯ ಭಟ್ಟಿಯ ಹತ್ತಿರ ನಿಂತಿದ್ದೇನೆ. ಆ ವಿಡಿಯೋದವ ಬೆನ್ನ ಹಿಂದೆ ಬಂದದ್ದು ನನಗೆ ಗೊತ್ತಿಲ್ಲ. ಅಡುಗೆಯವನಿಗೆ ಹೇಳುತ್ತಿದ್ದೇನೆ, ಅಕ್ಷರ ಅಕ್ಷರ ಸ್ವಚ್ಛವಾಗಿ ಕೇಳುತ್ತದೆ: "ಆ ಮುದುಕಿ ಬರಲಿಲ್ಲ, ನಾವು ಉಳದ್ವಿ ನೋಡು. ಬಂದಿದ್ರ ಉಪ್ಪಿನಾಗ ಹುಳಾ ಹುಡಕತಿದ್ಲು."

ಅಲ್ಲಿಗೆ ನಿಲ್ಲಿಸಿಬಿಟ್ಟೆ. ಮುಂದೆ ನೋಡಲು ನನಗೆ ಮುಖವಿರಲಿಲ್ಲ. ಆಮೇಲೆ ನಾಲ್ಕು ಸಲ ಹಚ್ಚಿದೆ, ನಾಲ್ಕು ಸಲವೂ ಅಲ್ಲಿಗೇ ನಿಲ್ಲಿಸಿದೆ.

ನಿಶ್ಚಯದ ದಿನ ನಿನಗೆ ನೆನಪಿರಬೇಕು. ನಾನು ತೆಗೆದಿಟ್ಟ ಸೀರೆಯ ಅಂಚನ್ನು ಸಣ್ಣವ್ವನವರು ಎರಡು ಬೆರಳಲ್ಲಿ ತಿಕ್ಕಿ, "ಇದು ಮಗ್ಗದ್ದಲ್ಲ, ಮಷೀನಿಂದು" ಅಂದರು. ನಲವತ್ತು ವರ್ಷ ಸೀರೆ ಮಾರಿದವನಿಗೆ, ಎರಡೂ ಕಡೆಯ ಮಂದಿಯ ಎದುರು. ಅವರಂದದ್ದು ಖರೆ ಇತ್ತು. ಸುಳ್ಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಉರಿ ಮದುವೆಯ ದಿನ ಬಾಯಿಗೆ ಬಂತು.

ಡಿಸ್ಕ್ ಕಳಿಸಿದರೆ ಈ ಮಾತು ಅವರ ಕಿವಿಗೆ ಬೀಳುತ್ತದೆ, ಪಂಚಮಿಗೆ ನಿನ್ನನ್ನು ಕಳಿಸುವುದಿಲ್ಲ. ಕಳಿಸದಿದ್ದರೆ, ಕಳಿಸಲಿಲ್ಲವೆಂದು ನಿನ್ನನ್ನು ಕಳಿಸುವುದಿಲ್ಲ. ಆ ತುಣುಕನ್ನು ಕತ್ತರಿಸಲು ನನಗೆ ಬರುವುದಿಲ್ಲ. ಬೇರೆಯವರಿಗೆ ಹೇಳಿದರೆ ಅವರೂ ಕೇಳುತ್ತಾರೆ. ನೀನು ಒಂದು ಉಪಕಾರ ಮಾಡು. ಡಿಸ್ಕ್ ಹಚ್ಚಿದಾಗ ರಿಮೋಟ್ ನಿನ್ನ ಕೈಯಲ್ಲಿರಲಿ. ಅಡುಗೆಯ ಭಟ್ಟಿ ಕಂಡ ಕೂಡಲೇ ದನಿ ಬಂದ್ ಮಾಡಿಬಿಡು. ಅರ್ಧ ನಿಮಿಷ ಸಾಕು.

ನಿನ್ನ ಅವ್ವ ಹೋದ ವಾರವೇ ಪಂಚಮಿಯ ಜೋಕಾಲಿಯ ಹಗ್ಗ ತರಿಸಿಟ್ಟಿದ್ದಾಳೆ. ಅವಳಿಗೆ ಇದಾವುದೂ ಗೊತ್ತಿಲ್ಲ.

ನಿನ್ನ ಅಪ್ಪ


ನರಗುಂದ
೧೩ ಜುಲೈ ೨೦೨೪

ಅಪ್ಪನಿಗೆ ದುರ್ಗಾಳ ನಮಸ್ಕಾರಗಳು.

ಕಾಗದ ಸುಟ್ಟಿದ್ದೇನೆ. ಇಲ್ಲಿ ಗ್ಯಾಸ್ ಒಲೆ, ಅಂಗಳದಲ್ಲಿ ಸುಡಬೇಕಾಯಿತು. ಏನು ಸುಡುತ್ತಿ ಎಂದು ಮಾವ ಮೂರು ಸಲ ಕೇಳಿದರು. ನಿನ್ನ ಕಾಗದಗಳನ್ನು ಅವರು ದಪ್ಪ ಕನ್ನಡಕ ಹಾಕಿಕೊಂಡು, ಪೆನ್ಸಿಲಿನಿಂದ ಗೆರೆ ಎಳೆಯುತ್ತ ಓದುತ್ತಾರೆ.

ಅಪ್ಪಾ, ರಿಮೋಟಿನ ಕೆಲಸ ನನ್ನಿಂದಾಗದು. ಸಣ್ಣವ್ವ ಆಯಿಗೆ ಕಣ್ಣು ಮಂದ, ಟಿವಿಗೆ ಮೂಗು ತಾಗಿಸಿ ಕೂರುತ್ತಾರೆ. ಕಿವಿ ಮಾತ್ರ ಬೆಕ್ಕಿನದು. ನಾನು ಹಿಂದಿನ ಕೋಣೆಯಲ್ಲಿ ಸಕ್ಕರೆ ಡಬ್ಬಿ ತೆಗೆದರೆ, "ಯಾರವ್ವಾ ಅದು, ಎರಡ ಚಮಚಾ ಸಾಕು" ಎಂದು ಹೊರಗಿನಿಂದ ಹೇಳುತ್ತಾರೆ. ಅಂಥವರ ಎದುರು ದನಿ ಬಂದ್ ಮಾಡಿದರೆ ಅರ್ಧ ನಿಮಿಷ ಏನಿತ್ತೆಂದು ಅರ್ಧ ವರ್ಷ ಕೇಳುತ್ತಾರೆ.

ನನಗೆ ಪಂಚಮಿಗೆ ಬರಬೇಕು. ಅದನ್ನು ಬರೆಯುವಾಗ ನನ್ನ ಅಕ್ಷರ ಸೊಟ್ಟಗಾದದ್ದು ನಿನಗೆ ಕಾಣುತ್ತದೆ. ಆದರೆ ನಾನು ಇನ್ನು ಮುಂದೆ ಇರಬೇಕಾದದ್ದು ಈ ಮನೆಯಲ್ಲಿ. ಅಂದವನು ನೀನು, ಮುಚ್ಚುವವಳು ನಾನು, ಹಿಂಗ ಆದರೆ ಹ್ಯಾಂಗ?

ನೀನೇ ಏನಾದರೂ ಮಾಡು.

ದುರ್ಗಾ


ನರಗುಂದ
೨೦ ಜುಲೈ ೨೦೨೪

ಬೀಗರೆ,

ನೀವು ಇಲಿಯಾಸನಿಗೆ ಯಂತ್ರ ಮಾತ್ರ ಮುಟ್ಟಿಸಿದಿರಿ, ಪೆನ್‌ಡ್ರೈವ್ ಮುಟ್ಟಿಸಲಿಲ್ಲ. ಇರಲಿ. ಅವನು ಬರೆದ ಚೀಟಿಯನ್ನು ಇದ್ದದ್ದು ಇದ್ದಂತೆ ಇಳಿಸಿದ್ದೇನೆ:

"ಮಹಾಲಿಂಗಪ್ಪ ಕಾಕಾಗೆ ಇಲಿಯಾಸನ ಸಲಾಂ. ಗಜೇಂದ್ರಗಡದ ಕಾಕಾ ಹೇಳಿದ್ದು: ಹಿಂದಿನ ತೂತಿಗೆ ಚುಚ್ಚಿದ ಮೇಲೆ ಯಂತ್ರ ಮಾಯವಾಗುವುದು ನಿಂತಿದೆ, ಆದರೆ ಒಳಗೆ ಡಿಸ್ಕ್ ಇದ್ದರೂ ಡಿಸ್ಕ್ ಹಾಕಿರಿ ಎನ್ನುತ್ತದೆ. ನಾನು ಟ್ರೇ ಎಳೆದು ನೋಡಿದೆ. ಡಿಸ್ಕ್ ಓದುವ ಸಣ್ಣ ಗಾಜಿನ ಕಣ್ಣಿನ ಮೇಲೆ ವಿಭೂತಿ ಇತ್ತು. ನಡುವೆ ಕುಂಕುಮದ ಬೊಟ್ಟೂ ಇತ್ತು. ಒರೆಸಿದೆ. ಈಗ ಚಲೋ ನಡೆಯುತ್ತದೆ. ಯಂತ್ರದಲ್ಲಿ ದೋಷವಿಲ್ಲ. ಗಜೇಂದ್ರಗಡಕ್ಕೆ ತಿರುಗಿ ಕಳಿಸಿದ್ದೇನೆ."

ಬೀಗರೆ, ನಾನೂ ಶಿವಭಕ್ತ. ದೇವರ ಹಣೆಗೆ ವಿಭೂತಿ ಹಚ್ಚುವುದನ್ನು ಕಂಡಿದ್ದೇನೆ, ಕಣ್ಣಿಗೆ ಹಚ್ಚುವುದನ್ನು ಈಗಲೇ ಕೇಳುತ್ತಿದ್ದೇನೆ. ಇದನ್ನು ಭಕ್ತಿ ಎಂದು ತಿಳಿಯಬೇಕೋ, ಯುಕ್ತಿ ಎಂದು ತಿಳಿಯಬೇಕೋ ನನಗೆ ಅರ್ಥವಾಗುತ್ತಿಲ್ಲ. ಅವ್ವನಿಗೆ ಚೀಟಿ ಓದಿ ಹೇಳಿದೆ. ಕೇಳಿದವಳೇ, "ಏನೋ ಮುಚ್ಚಾಕತ್ತಾನ ಕಳಕಪ್ಪ" ಅಂದಳು.

ಇನ್ನು ಯಾವ ನೆವವೂ ಉಳಿದಿಲ್ಲ.

ಮಹಾಲಿಂಗಪ್ಪ


ಗಜೇಂದ್ರಗಡ
೨೬ ಜುಲೈ ೨೦೨೪

ಬೀಗರೆ, ಶರಣು.

ವಿಭೂತಿ ಹಚ್ಚಿದವನು ನಾನೇ. ಹೊಲಿಗೆ ಯಂತ್ರ ಬರಲಿ, ಮೋಟಾರ್ ಸೈಕಲ್ ಬರಲಿ, ಪೂಜೆಯಾಗದೆ ನಮ್ಮ ಮನೆಯಲ್ಲಿ ಯಾವ ಯಂತ್ರವೂ ತಿರುಗಿದ್ದಿಲ್ಲ. ಹೊರಗೆಲ್ಲ ಕರಿ ಪ್ಲಾಸ್ಟಿಕ್ಕು, ಹಚ್ಚಿದ್ದು ನಿಲ್ಲಲಿಲ್ಲ. ಗುಂಡಿ ಒತ್ತಿದರೆ ಟ್ರೇ ಹೊರಗೆ ಬಂತು. ಅದರ ಮೇಲೆ ಕಣ್ಣಿನಂಥದೊಂದು ಹೊಳೆಯುತ್ತಿತ್ತು. ಜೀವ ಇರುವುದು ಇಲ್ಲಿಯೇ ಎಂದು ತಿಳಿದು ಹಚ್ಚಿದೆ. ಜೀವ ಇದ್ದದ್ದು ಅಲ್ಲಿಯೇ ಎಂದು ಇಲಿಯಾಸನೂ ಒಪ್ಪುತ್ತಾನೆ. ಅಷ್ಟರಮಟ್ಟಿಗೆ ನನ್ನ ತಿಳಿವಳಿಕೆ ತಪ್ಪಲ್ಲ.

ಈಗ ಯಂತ್ರ ಗಂಡನ ಮನೆಗೆ ಹೊಂದಿಕೊಂಡ ಸೊಸೆಯ ಹಾಗೆ ನಡೆಯುತ್ತಿದೆ. ಡಿಸ್ಕ್ ಒಂದನ್ನು ಇದರೊಂದಿಗೆ ಕಳಿಸಿದ್ದೇನೆ. ವಿಡಿಯೋ ನಾಲ್ಕು ತಾಸಿನದು, ಡಿಸ್ಕಿನಲ್ಲಿ ಹಿಡಿಯುವುದು ಎರಡು ತಾಸಿನದು. ಆದ್ದರಿಂದ ಅರಿಶಿನದಿಂದ ಅಕ್ಷತೆಯವರೆಗೆ ಬಂದಿದೆ. ಮದುವೆ ಎಂದರೆ ಅಕ್ಷತೆಯೇ ತಾನೆ? ಆಮೇಲಿನದೆಲ್ಲ ಎಲ್ಲ ಮದುವೆಗಳಲ್ಲೂ ಒಂದೇ.

ಇನ್ನು ಪಂಚಮಿಗೆ ಯಾವ ದಿನ ಬರಲಿ, ತಿಳಿಸಿರಿ.

ಕಳಕಪ್ಪ


ನರಗುಂದ
೩೧ ಜುಲೈ ೨೦೨೪

ಬೀಗರೆ,

ಡಿಸ್ಕ್ ನಮ್ಮ ಪ್ಲೇಯರಿನಲ್ಲಿ ಚೆನ್ನಾಗಿ ಓಡಿತು. ಅವ್ವ ಎರಡು ತಾಸು ಟಿವಿಯ ಮುಂದಿನಿಂದ ಏಳಲಿಲ್ಲ. ಅಕ್ಷತೆ ಬಿತ್ತು, ಬಾಜಾ ನಿಂತಿತು, ಪರದೆ ಕಪ್ಪಾಯಿತು. ಅವ್ವ ನನ್ನ ಕಡೆ ತಿರುಗಿದಳು.

"ಊಟ ಎಲ್ಲೈತೋ?"

"ಡಿಸ್ಕಿನ್ಯಾಗ ಜಾಗಾ ಸಾಲಲಿಲ್ಲಂತ ಅವ್ವಾ."

"ಉಣ್ಣದ ಮದುವಿ ಎಂಥಾ ಮದುವಿ? ನನಗ ಊಟಾನ ನೋಡಬೇಕು. ಊಟದ ಸಲುವಾಗೇ ನಾ ಇಷ್ಟ ದಿನಾ ಕುಂತೀನಿ."

ಊಟದಲ್ಲಿ ಏನಿದೆ ಎಂದು ಕೇಳಿದೆ. ಹೇಳಲಿಲ್ಲ. ಈಗ ನನಗೂ ಊಟವನ್ನೇ ನೋಡಬೇಕಾಗಿದೆ. ಬರೀ ಅಕ್ಷತೆಯವರೆಗೆ ಕಳಿಸಿದ ನಿಮ್ಮ ಲೆಕ್ಕಾಚಾರ ನನಗೆ ತಿಳಿಯಿತು. ತುಪ್ಪದ ಸಂಗತಿ ಬಯಲಾಗುತ್ತದೆಂದಲ್ಲವೇ?

ಎರಡನೆಯ ಡಿಸ್ಕ್ ಬರುವವರೆಗೆ ಪಂಚಮಿಯ ದಿನ ಗೊತ್ತು ಮಾಡಲು ನನಗೆ ಅಧಿಕಾರವಿಲ್ಲ.

ಮಹಾಲಿಂಗಪ್ಪ


ಗಜೇಂದ್ರಗಡ
೩ ಆಗಸ್ಟ್ ೨೦೨೪

ಪೂಜ್ಯ ಸಣ್ಣವ್ವನವರ ಪಾದಗಳಿಗೆ ಕಳಕಪ್ಪನ ನಮಸ್ಕಾರಗಳು.

ಈ ಕಾಗದ ಬೀಗರಿಗಲ್ಲ, ನಿಮಗೆ. ದುರ್ಗಾ ಓದಿ ಹೇಳಲಿ. ಅಂಚೆಗೆ ಹಾಕಿದರೆ ತಡವಾದೀತೆಂದು ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ. ಎರಡನೆಯ ಡಿಸ್ಕ್ ಜೊತೆಗಿದೆ.

ಈ ಡಿಸ್ಕ್ ಮೊದಲನೆಯದರ ದಿನವೇ ತಯಾರಾಗಿತ್ತು. ಒಂದು ವಾರ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಹಾಕಿ ಇಪ್ಪತ್ತು ನಿಮಿಷಕ್ಕೆ ಅಡುಗೆಯ ಭಟ್ಟಿ ಬರುತ್ತದೆ. ಅಲ್ಲಿ ನಾನು ನಿಮ್ಮ ಬಗ್ಗೆ ಆಡಬಾರದ ಮಾತು ಆಡಿದ್ದೇನೆ. ನೀವು ಬರಲಿಲ್ಲ, ನಾವು ಉಳಿದೆವು ಎಂದಿದ್ದೇನೆ. ಬಂದಿದ್ದರೆ ಉಪ್ಪಿನಲ್ಲಿ ಹುಳ ಹುಡುಕುತ್ತಿದ್ದರು ಎಂದಿದ್ದೇನೆ. ಮುದುಕಿ ಎಂದಿದ್ದೇನೆ. ಆಮೇಲೆ ಕಾಗದದಲ್ಲಿ ನಿಮ್ಮ ಪಾದಕ್ಕೆ ನಮಸ್ಕಾರ ಬರೆದಿದ್ದೇನೆ. ಯಾವುದು ಖರೆ ಎಂದು ನೀವು ಕೇಳಿದರೆ, ಆ ದಿನ ಅದು ಖರೆ ಇತ್ತು. ಸೀರೆಯ ಅಂಚಿನ ಮಾತು ಮನಸ್ಸಿನಲ್ಲಿ ಕುಳಿತಿತ್ತು.

ಯಂತ್ರ ಕೆಟ್ಟಿದೆ ಎಂದು ನಾನು ಬರೆದದ್ದು ಅರ್ಧ ಖರೆ. ಇನ್ನರ್ಧ ನನ್ನ ಹೆದರಿಕೆ. ನಿಮ್ಮ ಮಗನ ಮೇಲೆ, ಅವರ ವಾಯರಿನ ಮೇಲೆ ಸಂಶಯ ಹಾಕಿದ್ದು ತಪ್ಪು.

ಸಿಟ್ಟು ನನ್ನ ಮೇಲೆ ಇರಲಿ. ದುರ್ಗಾಳಿಗೆ ಪಂಚಮಿ ತಪ್ಪಿಸಬೇಡಿರಿ. ಹುಡುಗಿ ನಿಮ್ಮ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಆಕೆಯನ್ನು ಕಳಿಸಿರಿ, ಕರೆಯಲು ನಾನು ಬರುವುದು ಬೇಡವೆಂದರೆ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತೇನೆ.

ನಿಮ್ಮ ಅಪರಾಧಿ,
ಕಳಕಪ್ಪ


ನರಗುಂದ
೫ ಆಗಸ್ಟ್ ೨೦೨೪

(ಹೇಳಿದವರು ಸಣ್ಣವ್ವ. ಬರೆದವಳು ದುರ್ಗಾ. ಒಂದು ಅಕ್ಷರವನ್ನೂ ತಿದ್ದಕೂಡದೆಂದು ಆಜ್ಞೆಯಾಗಿದೆ.)

ಕಳಕಪ್ಪ ಬೀಗರಿಗೆ ಸಣ್ಣವ್ವನ ಶರಣು.

ನಿಮ್ಮ ಕಾಗದ ಕೇಳಿದೆ. ಡಿಸ್ಕು ನೋಡಿದೆ. ನಿಮ್ಮ ಮಾತ ಬಂದಲ್ಲೆ ಮಾಲಿಂಗ ಎದ್ದ ನಿಂತು, "ನೋಡಿದೇನವ್ವಾ, ನೋಡಿದೇನು! ನಾ ಹೇಳಿರಲಿಲ್ಲೇನು!" ಅಂತ ಕುಣದಾಡಿದ. ಅಲ್ಲೇ ನಿಲ್ಲಸಂದ. ನಾ ನಿಲ್ಲಸಗೊಡಲಿಲ್ಲ. ನೀವು ದಿನಾ ಅಲ್ಲಿಗೇ ನಿಲ್ಲಸತಿದ್ರಂತ ದುರ್ಗಾ ಈಗ ಬಾಯಿ ಬಿಟ್ಲು. ಶಾಣ್ಯಾ ಮನಷಾ ನೀವು, ಇನ್ನ ಅರ್ಧಾ ಮಿನಿಟ ನೋಡಿದ್ರ ಇಷ್ಟ ಕಾಗದ ಖರ್ಚ ಆಗತಿದ್ದಿಲ್ಲ.

ಮುಂದ ಏನೈತಿ ನಾ ಹೇಳ್ತೀನಿ ಕೇಳ್ರಿ. ನೀವು ಹೆಗಲ ಮ್ಯಾಗಿನ ವಸ್ತ್ರಾ ತಗದು ಬೆವರು ಒರಸ್ಕೋತೀರಿ. ಅಡಗೀ ಮಾಡವಗ ಮತ್ತ ಹೇಳ್ತೀರಿ, "ಆದ್ರ ಆಕೀಗೆ ಬುತ್ತಿ ಹೋಗದಿದ್ರ ನನಗ ನಿದ್ದಿ ಹತ್ತಂಗಿಲ್ಲ. ಎಂಟು ಹೋಳಿಗಿ ಮೆತ್ತಗ ಬೇಯಿಸಿ ಕಟ್ಟಪಾ. ಹಲ್ಲು ಹೋಗ್ಯಾವು ಪಾಪ." ಆಮ್ಯಾಲೆ ಡಬ್ಬಿ ಕಟ್ಟಿ, ಮ್ಯಾಲ ಕೆಂಪು ವಸ್ತ್ರಾ ಸುತ್ತಿ, ಮಾಲಿಂಗನ ಕೈಯಾಗ ಕೊಡ್ತೀರಿ. ಅಂವಾ ಎರಡೂ ಕೈಯಿಂದ ಇಸಕೊಂತಾನ. ಟಿವಿಯಾಗ ಮೂಗ ಹಚ್ಚಿ ನೋಡೀನಿ, ಅಂವನ.

ಬೀಗರ, ಮದುವಿಗೆ ಬರಲಾರದ ಹಿರ್ಯಾರಿಗೆ ಬುತ್ತಿ ಬರಬೇಕು. ನನಗ ಬರಲಿಲ್ಲ. ಆರು ತಿಂಗಳಾತು. ನಾ ಯಾರ ಮುಂದೂ ಆಡಲಿಲ್ಲ, ಬುತ್ತಿ ಯಾಕ ಬರಲಿಲ್ಲಂತ ಕೇಳಿದ್ರ ನಮ್ಮ ಮರ್ಯಾದಿ ಹೋಗ್ತೈತಿ. ಕಳಕಪ್ಪ ನನ್ನ ಮರತಾನೋ, ಸೀರಿ ಮಾತಿನ ಸಿಟ್ಟಿಗೆ ಬೇಕಂತನ ಬಿಟ್ಟಾನೋ, ಊಟದಾಗ ಕಣ್ಣಿಟ್ಟ ನೋಡ್ಬೇಕಂತ ಡಿಸ್ಕು ಕೇಳಿದೆ. ಬುತ್ತಿ ಕಳಿಸದವರ ಮನಿಗೆ ಹುಡಿಗಿನ್ನ ಯಾಕ ಕಳಸಲಿ ಅಂತಿದ್ದೆ. ನೀವೂ ಬುತ್ತಿ ಮುಟ್ಟಿತೇನಂತ ಕೇಳಲಿಲ್ಲ. ಕೊಟ್ಟವರು ಕೇಳಬಾರದು, ಖರೆ. ಕೊಟ್ಟವರು ಕೇಳಂಗಿಲ್ಲ, ಮುಟ್ಟದವರು ಹೇಳಂಗಿಲ್ಲ, ನಡಕಿದ್ದಂವ ಉಂಡ.

ಮಾಲಿಂಗನ್ನ ನಿಲ್ಲಿಸಿ ಕೇಳಿದೆ. ಮದುವಿಯಿಂದ ಹೊಳ್ಳಿ ಬರೂ ಮುಂದ ಯಾವಗಲ್ ಊರ ಹತ್ರ ಗಾಡಿ ಪಂಚರ್ ಆತಂತ, ಎರಡು ತಾಸು ಕುಂತ್ರಂತ, ಹಸಿವಾತಂತ. ತಾ ಐದು, ಡ್ರೈವರ ಮೂರು. ತುಪ್ಪ? ಅಂದೆ. ತುಪ್ಪಾನೂ, ಅಂದ. ಅರವತ್ತೆರಡು ವರ್ಷದ ಮಗನ್ನ ಏನ ಹೊಡಿಯೂದು, ಕೋಲ ಎತ್ತಿ ಇಳಿಸಿದೆ. ನಿಮ್ಮ ಕಾಗದಾ ಎಲ್ಲಾ ಗೆರಿ ಎಳದು ಎಳದು ಓದಾವ, ಈಗ ಹೊಲದಾಗ ಹೆಸರಿನ ಬೆಳಿ ನೋಡಿ ಬರ್ತೀನಂತ ಹೋಗ್ಯಾನ. ಮುಂಜಾನಿಂದ ಬಂದಿಲ್ಲ.

ನೀವಂದ ಮಾತಿಗೆ ನನಗ ಸಿಟ್ಟಿಲ್ಲ. ಉಪ್ಪಿನಾಗ ನಾ ಹುಳಾ ಹುಡುಕಿಲ್ಲ. ಸೀರ್ಯಾಗ ಹುಡುಕಿದ್ದೆ, ಸಿಕ್ಕಿತ್ತು. ಹಲ್ಲು ಹೋಗ್ಯಾವ ಅಂದದ್ದು ಮಾತ್ರ ಪೂರಾ ಖರೆ ಅಲ್ಲ, ಬಲಕ್ಕ ಎರಡದಾವು.

ಪಂಚಮಿಗೆ ಕರಿಯಾಕ ನೀವು ಬರಬ್ಯಾಡ್ರಿ. ದುರ್ಗಾನ್ನ ನಾನ ಕರಕೊಂಡ ಬರ್ತೀನಿ. ಗುರುವಾರ ಹನ್ನೊಂದರ ಬಸ್ಸಿಗೆ. ಮುದುಕಿ ಬರಾಕತ್ತಾಳಂತ ಸಿದ್ದವ್ವಗ ಹೇಳ್ರಿ. ಎಂಟ ದಿನಾ ಇರ್ತೀನಿ. ಹೋಳಿಗಿ ಮೆತ್ತಗಿರಲಿ. ಹೊಳ್ಳಿ ಬರೂ ಮುಂದ ಬುತ್ತಿ ಕಟ್ಟಿದ್ರ ಯಾರ ಕೈಯಾಗೂ ಕೊಡಬ್ಯಾಡ್ರಿ, ನನ್ನ ತೊಡಿ ಮ್ಯಾಲ ಇಡ್ರಿ.

ಸಣ್ಣವ್ವ
(ಹೆಬ್ಬೆಟ್ಟಿನ ಗುರುತು)